ಟಿಕೆಟ್ ಕೊಳ್ಳದೆ ಲಂಡನ್: ಅಮ್ಮನ ಜೊತೆ ನಾಲ್ಕು ದಿನ

ಮೊದಲ ದಿನ ಬ್ರಿಟಿಷ್ ಮ್ಯೂಸಿಯಂನಲ್ಲಿ ನಾಲ್ಕು ಗಂಟೆ ಸುತ್ತಿದೆವು. ಕೊನೆಗೆ ಅಮ್ಮ ಒಂದು ಬೆಂಚಿನ ಮೇಲೆ ಕೂತು, "ಇನ್ನೊಂದು ಮಮ್ಮಿ ತೋರಿಸಿದ್ರೆ ನಾನೂ ಅದರ ಪಕ್ಕದಲ್ಲೇ ಮಲಗಿಬಿಡ್ತೀನಿ ನೋಡು" ಎಂದಳು. ತಪ್ಪು ನನ್ನದೇ. ಪುಕ್ಕಟೆ ಅಂದ ಕೂಡಲೇ ಎಲ್ಲವನ್ನೂ ನೋಡಿ ಮುಗಿಸುವ ಹಟ ಬಂದುಬಿಡುತ್ತದೆ. ಅಲ್ಲಿ ಜನರ ನೋಟಕ್ಕೆ ಇಟ್ಟಿರುವುದೇ ಸುಮಾರು 80 ಸಾವಿರ ವಸ್ತು. ಒಂದೊಂದಕ್ಕೆ ಹತ್ತೇ ಸೆಕೆಂಡ್ ಕೊಟ್ಟರೂ ನಿದ್ದೆ ಊಟ ಬಿಟ್ಟು ಒಂಬತ್ತು ದಿನಕ್ಕಿಂತ ಜಾಸ್ತಿ ಬೇಕು.

ಆ ರಾತ್ರಿ ನಮ್ಮ ಲೆಕ್ಕಾಚಾರ ತಿರುಗಿಸಿದೆವು. ದುಡ್ಡು ಕೊಟ್ಟು ಒಳಗೆ ಹೋದರೆ ಅದನ್ನು ವಸೂಲು ಮಾಡಬೇಕು ಅನ್ನಿಸುತ್ತದೆ. ಇಲ್ಲಿ ಕೊಟ್ಟಿದ್ದೇ ಇಲ್ಲವಲ್ಲ! ಒಂದು ಕೋಣೆ ನೋಡಿ ಹೊರಗೆ ಬಂದರೆ ನಷ್ಟ ಏನು? ಬೇಕೆನಿಸಿದರೆ ನಾಳೆ ಮತ್ತೆ ಹೋಗಬಹುದು. ಅಲ್ಲಿಂದ ಮುಂದೆ ಪ್ರವಾಸ ಹಗುರಾಯಿತು.

ಲಂಡನ್ನಿನ ದೊಡ್ಡ ರಾಷ್ಟ್ರೀಯ ಮ್ಯೂಸಿಯಂಗಳೆಲ್ಲ 2001ರ ಡಿಸೆಂಬರ್‌ನಿಂದ ಉಚಿತ. ಬ್ರಿಟಿಷ್ ಮ್ಯೂಸಿಯಂ, ನ್ಯಾಷನಲ್ ಗ್ಯಾಲರಿಗಳಿಗೆ ಅದಕ್ಕೂ ಮುಂಚೆಯೇ ಟಿಕೆಟ್ ಇರಲಿಲ್ಲ. ಬಾಗಿಲಲ್ಲಿ ದೇಣಿಗೆ ಡಬ್ಬಿ ಇರುತ್ತದೆ, ಹಾಕಲೇಬೇಕು ಅಂತಿಲ್ಲ. ಒಳಗಿನ ವಿಶೇಷ ಪ್ರದರ್ಶನಗಳಿಗೆ ಮಾತ್ರ ದುಡ್ಡು. ಆ ಬೋರ್ಡ್ ನೋಡಿ ಗಾಬರಿಯಾಗಿ ವಾಪಸ್ ಬರಬೇಡಿ.

ಸೌತ್ ಕೆನ್ಸಿಂಗ್ಟನ್‌ನಲ್ಲಿ ಮೂರು ಮ್ಯೂಸಿಯಂ ಅಕ್ಕಪಕ್ಕ ಇವೆ. ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂನಲ್ಲಿ 25 ಮೀಟರ್ ಉದ್ದದ ನೀಲಿ ತಿಮಿಂಗಿಲದ ಅಸ್ಥಿಪಂಜರ ತಲೆಯ ಮೇಲೆ ತೂಗುತ್ತಿದೆ. ಅದೊಂದನ್ನೇ ನೋಡಿ ಬಂದೆವು. ಶಾಲಾ ರಜೆಯಲ್ಲಿ ಹೋಗುವವರು ಉಚಿತ ಟಿಕೆಟನ್ನೇ ಮುಂಚಿತವಾಗಿ ಆನ್‌ಲೈನ್‌ನಲ್ಲಿ ಕಾದಿರಿಸಿ, ಇಲ್ಲದಿದ್ದರೆ ಕ್ಯೂನಲ್ಲೇ ಅರ್ಧ ದಿನ ಹೋದೀತು. ಸೈನ್ಸ್ ಮ್ಯೂಸಿಯಂ ಬಿಟ್ಟೆವು. ಮಕ್ಕಳಿದ್ದರೆ ಬಿಡಬೇಡಿ.

ನಮ್ಮ ಗುರಿ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ. ಕಾರಣ ಟಿಪ್ಪುವಿನ ಹುಲಿ. ಒಬ್ಬ ಯುರೋಪಿಯನ್ನನ ಕುತ್ತಿಗೆಗೆ ಬಾಯಿ ಹಾಕಿದ ಮರದ ಹುಲಿ. ಹೊಟ್ಟೆಯೊಳಗೆ ಪುಟ್ಟ ಆರ್ಗನ್ ಇದೆ. ಹಿಡಿ ತಿರುಗಿಸಿದರೆ ಹುಲಿ ಗುರುಗುಟ್ಟುತ್ತದೆ, ಕೆಳಗಿದ್ದವನು ನರಳುತ್ತಾನೆ, ಕೈಯನ್ನೂ ಆಡಿಸುತ್ತಾನೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಅರಮನೆಯಿಂದ ಹೊತ್ತು ತಂದದ್ದು. ಈಗ ಗಾಜಿನೊಳಗೆ ಸುಮ್ಮನಿರುತ್ತದೆ, ಯಾರೂ ಹಿಡಿ ತಿರುಗಿಸಲು ಬಿಡುವುದಿಲ್ಲ. ಅಮ್ಮ ಬಹಳ ಹೊತ್ತು ನೋಡಿ, "ಎಷ್ಟು ದೂರ ಬಂದು ಬಿದ್ದಿದೆ ಪಾಪ" ಎಂದಳು. ಹುಲಿಗೋ, ಕೆಳಗಿದ್ದವನಿಗೋ ಗೊತ್ತಾಗಲಿಲ್ಲ. ಇದಕ್ಕೆಂದೇ ಹೋಗುವವರು ಹೊರಡುವ ಮುನ್ನ ಮ್ಯೂಸಿಯಂನ ಜಾಲತಾಣದಲ್ಲಿ ಹುಲಿ ಪ್ರದರ್ಶನದಲ್ಲಿದೆಯಾ ನೋಡಿಕೊಳ್ಳಿ. ಗ್ಯಾಲರಿಗಳನ್ನು ನವೀಕರಣಕ್ಕೆಂದು ಮುಚ್ಚುವುದುಂಟು. ಇಲ್ಲಿ ಶುಕ್ರವಾರ ರಾತ್ರಿ 10ರವರೆಗೆ ಬಾಗಿಲು ತೆರೆದಿರುತ್ತದೆ. ಸಂಜೆ ಜನ ಕಡಿಮೆ, ಆರಾಮಾಗಿ ನೋಡಬಹುದು.

ಬಕಿಂಗ್‌ಹ್ಯಾಮ್ ಅರಮನೆಯ ಕಾವಲು ಬದಲಾವಣೆ ನೋಡಲು ನಾವು ಮಂಗಳವಾರ ಹೋಗಿ ಪೆಚ್ಚಾದೆವು. ಅದು ಸಾಮಾನ್ಯವಾಗಿ ಸೋಮ, ಬುಧ, ಶುಕ್ರ, ಭಾನುವಾರ ಮಾತ್ರ. ಹತ್ತಿರದ ಹಾರ್ಸ್ ಗಾರ್ಡ್ಸ್‌ನಲ್ಲಿ ಕುದುರೆ ಸವಾರರ ಕಾವಲು ದಿನಾ ಬದಲಾಗುತ್ತದೆ ಅಂತ ಆಮೇಲೆ ಗೊತ್ತಾಯಿತು. ಬೆಳಿಗ್ಗೆ 11ಕ್ಕೆ, ಭಾನುವಾರ 10ಕ್ಕೆ. ಮರುದಿನ ಅಲ್ಲಿಗೇ ಹೋದೆವು. ನೂಕುನುಗ್ಗಲಿಲ್ಲ, ಕುದುರೆಗಳು ಹತ್ತಿರದಲ್ಲೇ ಕಾಣುತ್ತವೆ. ನನ್ನ ಮಟ್ಟಿಗೆ ಅರಮನೆಗಿಂತ ಇದೇ ವಾಸಿ.

ಸೇಂಟ್ ಪಾಲ್ಸ್ ಕೆಥೆಡ್ರಲ್ ಸುತ್ತಿ ನೋಡಲು ಟಿಕೆಟ್ ಬೇಕು, ದುಬಾರಿಯೂ ಹೌದು. ಆದರೆ ಸಂಜೆಯ ಪ್ರಾರ್ಥನೆಗೆ ಬೇಡ. ವಾರದ ದಿನಗಳಲ್ಲಿ 5 ಗಂಟೆಗೆ ಇರುತ್ತದೆ, ಅದಕ್ಕೆ 'ಈವನ್‌ಸಾಂಗ್' ಎನ್ನುತ್ತಾರೆ. ಅರ್ಧ ಗಂಟೆ ಮುಂಚೆ ಹೋಗಿ. ಆ ಗುಮ್ಮಟದ ಕೆಳಗೆ ಕೂತು ಗಾಯಕರ ದನಿ ಮೇಲೇರುವುದನ್ನು ಕೇಳಿದೆವು. ಅಮ್ಮನಿಗೆ ಒಂದು ಪದವೂ ತಿಳಿಯಲಿಲ್ಲ, ಆದರೂ ಕಣ್ಣು ಮುಚ್ಚಿ ಕೂತಿದ್ದಳು. ನಾಲ್ಕು ದಿನದಲ್ಲಿ ನನಗೆ ಹೆಚ್ಚು ನೆನಪಿರುವುದು ಆ ಮುಕ್ಕಾಲು ಗಂಟೆ. ಇದು ಪೂಜೆ, ಸಂಗೀತ ಕಛೇರಿಯಲ್ಲ. ಫೋಟೋ ತೆಗೆಯುವಂತಿಲ್ಲ, ನಡುವೆ ಎದ್ದು ಬರುವುದೂ ಚೆನ್ನಾಗಿರುವುದಿಲ್ಲ.

ಎತ್ತರದಿಂದ ಊರು ನೋಡಲು ಸ್ಕೈ ಗಾರ್ಡನ್ ಉಚಿತ. ಆದರೆ ಟಿಕೆಟ್‌ಗಳು ಕೆಲವೇ ವಾರ ಮುಂಚೆ ಬಿಡುಗಡೆಯಾಗಿ ಬೇಗ ಖಾಲಿಯಾಗುತ್ತವೆ. ನಮಗೆ ಸಿಗಲಿಲ್ಲ. ಅದೇ ಫೆನ್‌ಚರ್ಚ್ ಬೀದಿಯಲ್ಲಿ 'ಗಾರ್ಡನ್ ಅಟ್ 120' ಅನ್ನುವ ತಾರಸಿ ತೋಟವಿದೆ. ಅಷ್ಟು ಎತ್ತರವಿಲ್ಲ, ಆದರೆ ಟಿಕೆಟ್ ರಗಳೆಯೂ ಇಲ್ಲ.

ಓಡಾಟಕ್ಕೆ ಮಾತ್ರ ದುಡ್ಡು ಬೇಕೇ ಬೇಕು. ಬಸ್ಸು ಮೆಟ್ರೊಗಿಂತ ಅಗ್ಗ. ಮೊದಲ ಬಸ್ಸಿಗೆ ಕಾಂಟ್ಯಾಕ್ಟ್‌ಲೆಸ್ ಬ್ಯಾಂಕ್ ಕಾರ್ಡ್ ತಾಗಿಸಿ ಒಂದು ಗಂಟೆಯೊಳಗೆ ಬೇರೆ ಬಸ್ ಹತ್ತಿದರೆ ಮತ್ತೆ ಹಣ ಕಟ್ಟಾಗುವುದಿಲ್ಲ. ಬಸ್ಸಿನಲ್ಲಿ ನಗದು ತೆಗೆದುಕೊಳ್ಳುವುದಿಲ್ಲ. ಒಬ್ಬೊಬ್ಬರಿಗೆ ಬೇರೆ ಬೇರೆ ಕಾರ್ಡ್ ಇರಲಿ, ಇಡೀ ದಿನ ಅದೇ ಕಾರ್ಡ್ ಬಳಸಿ, ಆಗ ದಿನದ ಮಿತಿ ದಾಟಿ ಕಟ್ಟಾಗುವುದಿಲ್ಲ. ಮಹಡಿ ಬಸ್ಸಿನ ಮೇಲೆ ಮುಂದಿನ ಸೀಟು ಸಿಕ್ಕರೆ ಬೇರೆ ಟೂರ್ ಬಸ್ ಯಾಕೆ ಬೇಕು, ಅಲ್ವಾ?

ಲ್ಯಾಂಬೆತ್ ಸೇತುವೆ ದಾಟಿ ಥೇಮ್ಸ್‌ನ ದಕ್ಷಿಣ ದಡಕ್ಕೆ ಬಂದಾಗ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್‌ನಲ್ಲಿ ಬಸವಣ್ಣನವರ ಪ್ರತಿಮೆಗೆ ಕೈಮುಗಿದೆವು. 2015ರ ನವೆಂಬರ್‌ನಲ್ಲಿ ಪ್ರಧಾನಿ ಮೋದಿ ಅನಾವರಣ ಮಾಡಿದ್ದು.

ಕೊನೆಯ ದಿನ ಗ್ರೀನಿಚ್. ನದಿಯ ಅಡಿಯಲ್ಲಿ 1902ರ ಕಾಲುದಾರಿ ಸುರಂಗವಿದೆ, ಸುಮಾರು 370 ಮೀಟರ್. ಐಲೆಂಡ್ ಗಾರ್ಡನ್ಸ್ ಕಡೆಯಿಂದ ಇಳಿದು ನಡೆದು ಆಚೆ ದಡ ಸೇರಿದೆವು. ಮೊಣಕಾಲು ನೋವಿರುವವರು ಲಿಫ್ಟ್ ನಡೆಯುತ್ತಿದೆಯಾ ಮೊದಲೇ ನೋಡಿಕೊಳ್ಳಿ. ಗುಡ್ಡದ ಮೇಲಿನ ವೀಕ್ಷಣಾಲಯದ ಒಳಗೆ ಹೋಗಲು ಟಿಕೆಟ್ ಇದೆ. ನಾವು ಹೊರಗೇ ನಿಂತೆವು. ಅದರ ಗೋಪುರದ ಮೇಲೊಂದು ಕೆಂಪು ಚೆಂಡು. 1833ರಿಂದ ಹಡಗಿನವರಿಗೆ ಸಮಯ ತಿಳಿಸಲು ಇಟ್ಟದ್ದು. 12:55ಕ್ಕೆ ಕಂಬದ ಅರ್ಧಕ್ಕೆ ಏರಿತು, 12:58ಕ್ಕೆ ತುದಿಗೆ, ಸರಿಯಾಗಿ ಒಂದಕ್ಕೆ ಕೆಳಗಿಳಿಯಿತು. ಸುತ್ತಲಿದ್ದವರೆಲ್ಲ ಕೈಗಡಿಯಾರ ನೋಡಿಕೊಂಡರು. ಅಮ್ಮ ಬಂದಾಗಿನಿಂದ ತನ್ನದರ ಮುಳ್ಳು ತಿರುಗಿಸಿರಲೇ ಇಲ್ಲ.

"ಐದೂವರೆ" ಎಂದಳು. "ಕಾಫಿ ಹೊತ್ತು."