ಅಮ್ಮನ ಎಣ್ಣೆ ಮತ್ತು ನನ್ನ ತಲೆ ಕೆರೆತ

ಕಳೆದ ವರ್ಷ ಸೆಪ್ಟೆಂಬರ್ ಹೊತ್ತಿಗೆ ಕಪ್ಪು ಕುರ್ತಾ ಹಾಕುವುದನ್ನೇ ಬಿಟ್ಟಿದ್ದೆ. ಹೆಗಲ ಮೇಲೆಲ್ಲ ರವೆ ಚೆಲ್ಲಿದ ಹಾಗೆ ಹೊಟ್ಟು. ಮೀಟಿಂಗಿನಲ್ಲಿ ಯಾರೂ ನೋಡದ ಹಾಗೆ ಪೆನ್ನಿನ ಹಿಂಬದಿಯಿಂದ ಕಿವಿ ಹಿಂದೆ ಕೆರೆದುಕೊಳ್ಳುತ್ತಿದ್ದೆ. ಉಗುರಿನ ಸಂದಿಯಲ್ಲಿ ಹಳದಿ, ಜಿಡ್ಡು ಜಿಡ್ಡಾದ ಪೊರೆ. ಬಚ್ಚಲ ಜಾಲರಿಯಲ್ಲಿ ದಿನಾ ಕೂದಲಿನ ಉಂಡೆ.

'ತಲೆ ಒಣಗಿದೆ ಕಣೇ, ರಾತ್ರಿ ಎಣ್ಣೆ ತಟ್ಟಿ ಮಲಗು' ಅಂತ ತೀರ್ಥಹಳ್ಳಿಯಿಂದ ಅಮ್ಮ ಬಾಟಲಿ ಕಳಿಸಿದಳು. ಕೊಬ್ಬರಿ ಎಣ್ಣೆಗೆ ಒಂದೆಲಗ, ದಾಸವಾಳದ ಸೊಪ್ಪು, ಮೆಂತ್ಯ ಹಾಕಿ ಕಾಯಿಸಿದ್ದು. ಎಂಥಾ ಪರಿಮಳ! ತಿಂಗಳು ಪೂರ್ತಿ ಹಚ್ಚಿದೆ. ಕೆರೆತ ಇನ್ನೂ ಜಾಸ್ತಿಯಾಯಿತು. ಬೋರ್‌ವೆಲ್ ನೀರಿನ ಮೇಲೆ ಗೂಬೆ ಕೂರಿಸಿ ನಲ್ಲಿಗೆ ಫಿಲ್ಟರ್ ಬೇರೆ ಹಾಕಿಸಿದೆ. ದುಡ್ಡು ದಂಡ.

ಕೊನೆಗೆ ಚರ್ಮದ ಡಾಕ್ಟರ್ ಹತ್ತಿರ ಹೋದೆ. ಬೈತಲೆ ಬಿಡಿಸಿ ನೋಡಿ, 'ಇದು ಒಣಗಿದ್ದಲ್ಲ, ಸೆಬೊರಿಕ್ ಡರ್ಮಟೈಟಿಸ್' ಅಂದರು. ಅಂದರೆ ಜಿಡ್ಡಿರುವ ಚರ್ಮ ಕೆರಳಿ ಹೊಟ್ಟು ಏಳುವ ತೊಂದರೆ. ಮಲಸೀಜಿಯಾ ಅನ್ನೋ ಒಂದು ಫಂಗಸ್ ಎಲ್ಲರ ತಲೆ ಮೇಲೂ ಇರುತ್ತದಂತೆ. ಎಣ್ಣೆ ಜಿಡ್ಡೇ ಅದರ ಊಟ. ಕೆಲವರ ಚರ್ಮಕ್ಕೆ ಅದು ಆಗಿಬರುವುದಿಲ್ಲ. ರಾತ್ರಿಯಿಡೀ ಎಣ್ಣೆಯಲ್ಲಿ ನೆನೆಸಿ ಅದಕ್ಕೆ ಹಬ್ಬದೂಟ ಹಾಕುತ್ತಿದ್ದವಳು ನಾನೇ!

ಬರೆದುಕೊಟ್ಟಿದ್ದು ಆ ಫಂಗಸ್ಸನ್ನು ಅಡಗಿಸುವ ಔಷಧಿ ಇರುವ 2% ಕೀಟೋಕೊನಜೋಲ್ ಶಾಂಪೂ. ವಾರಕ್ಕೆ ಎರಡು ಸಲ, ನಾಲ್ಕು ವಾರ. ಕೂದಲಿಗಲ್ಲ, ಬುಡಕ್ಕೆ ಹಚ್ಚಬೇಕು, ಐದು ನಿಮಿಷ ಬಿಟ್ಟು ತೊಳೆಯಬೇಕು. ನಾನು ಯಾವ ಶಾಂಪೂವನ್ನೂ ಅರ್ಧ ನಿಮಿಷ ಇಟ್ಟುಕೊಂಡವಳಲ್ಲ. ನಮ್ಮ ಮನೆ ನಲ್ಲಿಯಲ್ಲಿ ಬಕೆಟ್ ತುಂಬಲು ಹೆಚ್ಚುಕಮ್ಮಿ ಐದು ನಿಮಿಷ ಬೇಕು. ಅದೇ ನನ್ನ ಗಡಿಯಾರವಾಯಿತು. ಎರಡನೇ ವಾರಕ್ಕೆ ಪೆನ್ನು ಬರೆಯುವುದಕ್ಕೆ ಮಾತ್ರ ಬಳಕೆಯಾಯಿತು.

ಕೂದಲು ಉದುರುವ ಕಥೆ ಬೇರೆಯೇ ಇತ್ತು. 'ಎರಡು ಮೂರು ತಿಂಗಳ ಹಿಂದೆ ಜೋರು ಜ್ವರ ಬಂದಿತ್ತಾ?' ಅಂತ ಕೇಳಿದರು. ಜೂನ್ ಕೊನೆಯಲ್ಲಿ ಡೆಂಗ್ಯೂ ಆಗಿತ್ತು! ಜ್ವರದ ಹೊಡೆತಕ್ಕೆ ಬೆಳೆಯುವುದನ್ನು ನಿಲ್ಲಿಸಿದ ಕೂದಲು ಇಷ್ಟು ತಿಂಗಳು ಬಿಟ್ಟು ಉದುರುತ್ತದಂತೆ. ಬುಡ ಸಾಯುವುದಿಲ್ಲ, ಮತ್ತೆ ಬರುತ್ತದೆ. ಯಾರಿಗಾದರೂ ದಿನಕ್ಕೆ 50ರಿಂದ 100 ಕೂದಲು ಉದುರುವುದು ಸಹಜ ಅಂತಲೂ ಹೇಳಿದರು. ಅವತ್ತಿನಿಂದ ಎಣಿಸುವುದನ್ನು ಬಿಟ್ಟೆ. ಈಗ ಹಣೆ ಅಂಚಿನಲ್ಲಿ ಮುಳ್ಳಿನ ಹಾಗೆ ಪುಟ್ಟ ಪುಟ್ಟ ಕೂದಲು ನಿಂತಿವೆ. ಎಷ್ಟು ಬಾಚಿದರೂ ಕೂರುವುದಿಲ್ಲ.

ಹೊಟ್ಟು ಪೂರ್ತಿ ಹೋಯಿತು ಅಂತಲ್ಲ. ಶಾಂಪೂ ಬಿಟ್ಟರೆ ಮತ್ತೆ ಇಣುಕುತ್ತದೆ. ಅದಕ್ಕೇ ಹದಿನೈದು ದಿನಕ್ಕೊಮ್ಮೆ ಹಾಕುತ್ತೇನೆ.

ಅಮ್ಮನಿಗೆ ಹೇಳಲು ಮಾತ್ರ ಧೈರ್ಯ ಬಂದಿಲ್ಲ. ಮೊನ್ನೆ ಫೋನಿನಲ್ಲಿ 'ಎಣ್ಣೆ ಖಾಲಿಯಾಯ್ತಾ?' ಅಂದಳು. 'ಆಗ್ತಾ ಬಂತಮ್ಮಾ' ಅಂದೆ. ಸುಳ್ಳಲ್ಲ. ದಿನಾ ರಾತ್ರಿ ಒಡೆದ ಹಿಮ್ಮಡಿಗೆ ಹಚ್ಚುತ್ತಿದ್ದೇನೆ.