ಅಭಯ ಕೊಟ್ಟ ಕೈ

ಜನವರಿಯಲ್ಲಿ ಕುಂದಾಪುರದ ಕಡೆ ಅಕ್ಕನ ಮನೆಗೆ ಹೋಗಿದ್ದೆ. ಚಾ ಕುಡಿಯುವಾಗ ಎಂಟನೇ ಕ್ಲಾಸಿನ ಅಕ್ಕನ ಮಗಳು ಕೇಳಿದಳು. "ಮಾವ, ಯಾವುದಕ್ಕೂ ನಿಲ್ಲದ ಶಕ್ತಿ ಬಂದು ಯಾವುದಕ್ಕೂ ಅಲ್ಲಾಡದ ವಸ್ತುವಿಗೆ ಗುದ್ದಿದರೆ ಏನಾಗುತ್ತೆ?"

ನಾನು ಚೀನಾದ ಕತೆ ಹೇಳಿದೆ. ಕ್ರಿ.ಪೂ. 3ನೇ ಶತಮಾನದ ಹಾನ್ ಫೇ ಎಂಬ ಚಿಂತಕನ ಬರಹದಲ್ಲಿದೆ. ಏನನ್ನಾದರೂ ಚುಚ್ಚುವ ಈಟಿ, ಯಾವುದೂ ಚುಚ್ಚಲಾಗದ ಗುರಾಣಿ, ಎರಡನ್ನೂ ಒಬ್ಬನೇ ಮಾರುತ್ತಿದ್ದ. ನಿನ್ನ ಈಟಿಯಿಂದ ನಿನ್ನ ಗುರಾಣಿಗೇ ಚುಚ್ಚಿದರೆ ಅಂತ ಯಾರೋ ಕೇಳಿದಾಗ ಅವನ ಬಾಯಿ ಕಟ್ಟಿತು. ಒಂದಕ್ಕೊಂದು ಹೊಂದದ ಮಾತಿಗೆ ಚೀನೀಯರು ಇವತ್ತಿಗೂ 'ಈಟಿ-ಗುರಾಣಿ' ಅಂತಲೇ ಅನ್ನುತ್ತಾರೆ.

"ಅಂದ್ರೆ ಅವನು ಸುಳ್ಳು ಹೇಳಿದ, ಅಷ್ಟೇ ಅಲ್ವಾ?"

ಹೌದು. ಎರಡೂ ಒಂದೇ ಲೋಕದಲ್ಲಿ ಇರಲಾರವು. ಮಾತು ಅಲ್ಲಿಗೇ ಮುಗಿಯಿತು ಅಂದುಕೊಂಡೆ.

ಅವತ್ತು ರಾತ್ರಿ ಗದ್ದೆ ಬಯಲಿನಲ್ಲಿ ಯಕ್ಷಗಾನದ ಆಟ ಇತ್ತು. 'ಕೃಷ್ಣಾರ್ಜುನ ಕಾಳಗ'. ಗಯ ಗಂಧರ್ವ ಆಕಾಶದಿಂದ ಉಗುಳಿದ್ದು ಅರ್ಘ್ಯ ಕೊಡುತ್ತಿದ್ದ ಕೃಷ್ಣನ ಬೊಗಸೆಗೆ ಬೀಳುತ್ತದೆ. ಅವನನ್ನು ಕೊಂದೇ ತೀರುತ್ತೇನೆ ಅಂತ ಕೃಷ್ಣನ ಶಪಥ. ಗಯ ಓಡಿ ಬಂದು ಅರ್ಜುನನ ಕಾಲಿಗೆ ಬೀಳುತ್ತಾನೆ. ಕೊಲ್ಲಲು ಬರುತ್ತಿರುವವನು ಯಾರು ಅಂತ ಕೇಳುವ ಮೊದಲೇ ಅರ್ಜುನ ಅಭಯ ಕೊಟ್ಟುಬಿಡುತ್ತಾನೆ.

ಆಮೇಲೆ ಗಯ ಹೆಸರು ಹೇಳಿದ. ಚಂಡೆ ನಿಂತಿತು. ಅರ್ಜುನನ ಬಲಗೈ ಇನ್ನೂ ಎತ್ತಿದ ಹಾಗೇ ಇತ್ತು. ವೇಷಧಾರಿ ಅದನ್ನು ಕೆಳಗಿಳಿಸಲಿಲ್ಲ. ಬೆರಳು ಸಣ್ಣಗೆ ನಡುಗುತ್ತಿತ್ತು, ಕಾಲಿನ ಗೆಜ್ಜೆ ಒಮ್ಮೆ ಘಲ್ ಅಂತು. ಭಾಗವತರೂ ಸುಮ್ಮನಿದ್ದರು. ಇಡೀ ಬಯಲು ಆ ಒಂದು ಕೈಯನ್ನೇ ನೋಡುತ್ತಿತ್ತು. ಎಷ್ಟೋ ಸಲ ಈ ಪ್ರಸಂಗ ನೋಡಿದ್ದೇನೆ, ಆ ಗಳಿಗೆಯಲ್ಲಿ ಮಾತ್ರ ನನಗೆ ಗಂಟಲು ಕಟ್ಟಿತು.

ಹುಡುಗಿ ನನ್ನ ತೋಳು ಹಿಡಿದಳು. "ಮಾವ, ಇಲ್ಲಿ ಯಾರೂ ಸುಳ್ಳು ಹೇಳ್ಲಿಲ್ಲ."

ನನಗದು ಹೊಳೆದೇ ಇರಲಿಲ್ಲ. ಈಟಿ ಮಾರುವವನದು ಬರೀ ಜಂಬ. ಇವರಿಬ್ಬರದು ಕೊಟ್ಟ ಮಾತು. ಒಬ್ಬರದ್ದು ಉಳಿಯಬೇಕಾದರೆ ಇನ್ನೊಬ್ಬರದ್ದು ಸಾಯಬೇಕು. ಅಣ್ಣನ ಕಡೆಗೂ ಗಂಡನ ಕಡೆಗೂ ತಿರುಗಿ ಸುಭದ್ರೆ ಅತ್ತಾಗ ಅಕ್ಕ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

ಕೊನೆಗೆ ಈಶ್ವರ ಬಂದು ಇಬ್ಬರ ನಡುವೆ ನಿಂತ. ಬೆಳಗಿನ ಜಾವ ಕೊಯ್ಲಾದ ಗದ್ದೆಯ ಕೂಳೆ ತುಳಿಯುತ್ತಾ ಮನೆಗೆ ಹೊರಟೆವು. ಅಕ್ಕ ಟಾರ್ಚ್ ಹಿಡಿದು ಮುಂದೆ ಹೋಗುತ್ತಿದ್ದಳು.

"ಈಶ್ವರ ಬರದೇ ಇದ್ದಿದ್ರೆ, ಅಮ್ಮ?" ಅಂತ ಹುಡುಗಿ ಕೇಳಿದಳು.

ಅಕ್ಕ ತಿರುಗಿ ನೋಡದೆ ಹೇಳಿದಳು, "ಅರ್ಜುನ ಕೈ ಇಳಿಸ್ತಿರಲಿಲ್ಲ."