ಮಾದಾವರದಲ್ಲೇ ಇಳಿಯಿರಿ

ದಾವಣಗೆರೆಯಿಂದ ಬೆಂಗಳೂರಿನ ಮೆಷಿನ್ ಎಕ್ಸಿಬಿಷನ್‌ಗೆ ಹೊರಟವರು ಇಂದಿಗೂ ಸೀದಾ ಮೆಜೆಸ್ಟಿಕ್‌ಗೆ ಹೋಗಿ, ಬಂದ ದಾರಿಯಲ್ಲೇ ಮತ್ತೆ ಹಿಂದಕ್ಕೆ ಬರುವುದುಂಟು. ಎಕ್ಸಿಬಿಷನ್ ನಡೆಯುವ ಬಿಐಇಸಿ (ಬೆಂಗಳೂರು ಇಂಟರ್‌ನ್ಯಾಷನಲ್ ಎಕ್ಸಿಬಿಷನ್ ಸೆಂಟರ್) ಇರುವುದು ಊರೊಳಗಲ್ಲ. ತುಮಕೂರು ರಸ್ತೆಯ ಮಾದಾವರದಲ್ಲಿ, ನೈಸ್ ರಸ್ತೆ ಬಂದು ಸೇರುವಲ್ಲಿ. ಹೆದ್ದಾರಿ 48ರಲ್ಲಿ ನಮ್ಮ ಕಡೆಯಿಂದ ಬರುವವರಿಗೆ ನೆಲಮಂಗಲ ದಾಟಿದ ಸ್ವಲ್ಪ ಹೊತ್ತಿಗೇ ಸಿಗುತ್ತದೆ. ದಾಬಸ್‌ಪೇಟೆ ಬಂದಾಗಲೇ ಕಂಡಕ್ಟರ್‌ಗೆ ಹೇಳಿಡಬೇಕು. ನಿದ್ದೆ ಹೋದರೆ ಬಸ್ಸು ಪೀಣ್ಯ ಫ್ಲೈಓವರ್ ಹತ್ತಿಬಿಡುತ್ತದೆ, ಆಮೇಲೆ ಗೊರಗುಂಟೆಪಾಳ್ಯದವರೆಗೆ ಇಳಿಯುವ ಮಾತಿಲ್ಲ. ಹಾಗಾದರೂ ಗಾಬರಿ ಬೇಡ, ಅಲ್ಲೇ ಮೆಟ್ರೊ ಹಸಿರು ಮಾರ್ಗದ ನಿಲ್ದಾಣವಿದೆ, ಮಾದಾವರದ ಕಡೆಯ ರೈಲು ಹತ್ತಿದರಾಯಿತು. ರಾತ್ರಿ ರೈಲಿನವರು ಯಶವಂತಪುರದಲ್ಲಿ ಇಳಿದರೆ ಅದೇ ಮಾರ್ಗ. 2024ರ ನವೆಂಬರ್‌ನಲ್ಲಿ ಮೆಟ್ರೊ ಮಾದಾವರಕ್ಕೆ ಬರುವ ಮೊದಲು ನಾಗಸಂದ್ರದಲ್ಲಿ ಇಳಿದು ಆಟೊದವರ ಜತೆ ಚೌಕಾಸಿಗೆ ನಿಲ್ಲಬೇಕಿತ್ತು.

ಲೇತ್ ಅಂಗಡಿಯವರು ಹೆಚ್ಚಾಗಿ ಹೋಗುವುದು ಜನವರಿಯ ಇಮ್‌ಟೆಕ್ಸ್ ಮೆಷಿನ್ ಮೇಳಕ್ಕೆ. ಬೆಸ ವರ್ಷದಲ್ಲಿ ಲೋಹ ಕತ್ತರಿಸುವ ಮೆಷಿನ್‌ಗಳು: ಕಂಪ್ಯೂಟರ್ ಹೇಳಿದಂತೆ ಓಡುವ ಸಿಎನ್‌ಸಿ ಲೇತ್, ವಿಎಂಸಿ (ನೆಟ್ಟಗೆ ನಿಂತ ಸ್ಪಿಂಡಲ್‌ನ ಮಿಲ್ಲಿಂಗ್ ಮೆಷಿನ್), ಗ್ರೈಂಡಿಂಗ್. ಸಮ ವರ್ಷದಲ್ಲಿ ಫಾರ್ಮಿಂಗ್: ಪ್ರೆಸ್, ಬೆಂಡಿಂಗ್, ಲೇಸರ್ ಕಟಿಂಗ್. ವರ್ಷ ನೋಡದೆ ಹೊರಟರೆ ಲೇತ್ ಬೇಕಾದವರು ತಗಡು ಬಗ್ಗಿಸುವುದನ್ನು ನೋಡಿಕೊಂಡು ಬರಬೇಕಾಗುತ್ತದೆ. ಐದು ದೊಡ್ಡ ಹಾಲ್‌ಗಳನ್ನು ಒಂದೇ ದಿನ ಸುತ್ತುವ ಆಸೆ ಬಿಡಿ. ಆನ್‌ಲೈನ್‌ನಲ್ಲಿ ಹೆಸರು ನೋಂದಾಯಿಸುವಾಗಲೇ ಸ್ಟಾಲ್ ನಂಬರ್ ಬರೆದುಕೊಂಡು, ನಾಲ್ಕೈದು ಕಂಪನಿಗಳನ್ನು ಮಾತ್ರ ಹಿಡಿಯಿರಿ. ಬೆಳಗ್ಗೆ ಬೇಗ ಹೋದರೆ ಎಂಜಿನಿಯರ್ ಮಾತಿಗೆ ಸಿಗುತ್ತಾರೆ, ಮಧ್ಯಾಹ್ನದ ಮೇಲೆ ಸಿಗುವುದು ಬ್ರೋಷರ್ ಮಾತ್ರ.

ಡೆಮೊ ನೋಡಿ ಮರುಳಾಗುವುದೇ ಹೆಚ್ಚು. ಸ್ಟಾಲ್‌ನಲ್ಲಿ ಎಷ್ಟೋ ಸಲ ಓಡಿಸಿ ತೋರಿಸುವುದು ಅಲ್ಯೂಮಿನಿಯಂ, ಬೆಣ್ಣೆ ಕೊಯ್ದ ಹಾಗೆ ಬರುತ್ತದೆ. ನಮ್ಮಲ್ಲಿ ದಿನಾ ಚಕ್‌ಗೆ (ಲೇತ್‌ನ ಹಿಡಿತಕ್ಕೆ) ಬೀಳುವುದು ಇಎನ್-8 ಉಕ್ಕಿನ ಶಾಫ್ಟ್. ಅದನ್ನೇ ಹಾಕಿ ತೋರಿಸಿ ಎಂದು ಕೇಳಲು ಸಂಕೋಚ ಬೇಡ. ಆಗ ಫಿನಿಷಿಂಗ್‌ಗಿಂತ ಮೊದಲು ಚಿಪ್ (ಕತ್ತರಿಸಿ ಬೀಳುವ ಲೋಹದ ಸಿಪ್ಪೆ) ನೋಡಿ. ಇಂಗ್ಲಿಷಿನ ‘ಸಿ’ ಅಕ್ಷರದಂತೆ ಬಾಗಿ, ತುಂಡುತುಂಡಾಗಿ ಉದುರಿದರೆ ಸರಿ. ಉದ್ದ ದಾರವಾಗಿ ಎಳೆದು ಜಾಬ್‌ಗೆ ಸುತ್ತಿಕೊಂಡರೆ ಫೀಡ್ (ಸುತ್ತಿಗೆ ಟೂಲ್ ಮುಂದೆ ಸರಿಯುವ ದೂರ) ಕಡಿಮೆಯಾಗಿದೆ, ಇಲ್ಲವೇ ಟೂಲ್ ತುದಿಯ ಇನ್ಸರ್ಟ್‌ನಲ್ಲಿ ಚಿಪ್ ಮುರಿಯುವ ಚಿಪ್‌ಬ್ರೇಕರ್ ಆ ಕೆಲಸಕ್ಕೆ ಹೊಂದಿಲ್ಲ. ಅಂಥ ಕಡೆ ಆಪರೇಟರ್ ಪದೇ ಪದೇ ಬಾಗಿಲು ತೆರೆದು ಸಿಂಬೆ ಬಿಡಿಸುತ್ತಾ ಕೂರಬೇಕು, ಬ್ರೋಷರ್‌ನ ಸೈಕಲ್ ಟೈಮ್ ಅಲ್ಲಿಗೆ ಮುಗಿಯಿತು. ಎಂಟಿಂಚಿನ ಚಕ್ ಇದೆ ಎಂದಾಕ್ಷಣ ದಪ್ಪ ಬಾರ್ ಹಿಂದಿನಿಂದ ತೂರುತ್ತದೆ ಎಂದೂ ಅಲ್ಲ. ಇಂಥ ಬಹಳಷ್ಟು ಮೆಷಿನ್‌ಗಳಲ್ಲಿ ಬಾರ್ ಕೆಪಾಸಿಟಿ 50 ಮಿ.ಮೀ. ಆಸುಪಾಸಿನಲ್ಲೇ ನಿಲ್ಲುತ್ತದೆ.

ಡ್ರಾಯಿಂಗ್, ಒಂದು ಸ್ಯಾಂಪಲ್ ಜಾಬ್ ಬ್ಯಾಗಿನಲ್ಲಿರಲಿ. ಸ್ಪಿಂಡಲ್ ಮೋಟಾರ್ ಎಷ್ಟು ಕಿಲೋವ್ಯಾಟ್ ಎಂದಷ್ಟೇ ಕೇಳಿದರೆ ಸಾಲದು. ಸರ್ವೊ, ಹೈಡ್ರಾಲಿಕ್, ಕೂಲಂಟ್ ಪಂಪ್ ಎಲ್ಲ ಸೇರಿ ಒಟ್ಟು ಎಷ್ಟು ಕೆವಿಎ ಎಂದು ಬರೆಸಿಕೊಂಡು, ಬೆಸ್ಕಾಂನಲ್ಲಿ ಮಂಜೂರಾದ ಲೋಡ್ ಸಾಲುತ್ತದೆಯೇ ಎಂದು ಊರಿಗೆ ಬಂದು ತಾಳೆ ನೋಡಿ. ಹೇಳುವ ರೇಟು ಬರೀ ಮೆಷಿನ್‌ದು. 18% ಜಿಎಸ್‌ಟಿ, ಲಾರಿ ಬಾಡಿಗೆ, ಇಳಿಸಲು ಕ್ರೇನ್, ಸ್ಟೆಬಿಲೈಸರ್, ಟೂಲ್ ಹೋಲ್ಡರ್ ಬೇರೆ. ಸರ್ವೀಸ್ ಎಂಜಿನಿಯರ್ ಯಾವ ಊರಿನಿಂದ ಬರಬೇಕು ಎಂಬುದಕ್ಕೆ ನುಣುಚಿಕೊಳ್ಳುವ ಉತ್ತರ ಬಂದರೆ ಆ ಸ್ಟಾಲ್ ಬಿಟ್ಟು ಮುಂದಕ್ಕೆ ಹೋಗುವುದೇ ಲೇಸು.

ಮಧ್ಯಾಹ್ನ ಮೂರಕ್ಕೆ ಹೊರಬಿದ್ದರೆ ಊರು ನೋಡಲು ಹೊತ್ತು ಸಿಗುತ್ತದೆ. ರೈಲು ಬದಲಿಸುವ ಕೆಲಸವೂ ಇಲ್ಲ, ಹಸಿರು ಮಾರ್ಗದಲ್ಲೇ ಚಿಕ್ಕಪೇಟೆ, ಲಾಲ್‌ಬಾಗ್ ಎರಡೂ ಇವೆ. ಸಂಜೆ ಎಕ್ಸಿಬಿಷನ್ ಬಿಟ್ಟಾಗ ಟಿಕೆಟ್ ಕೌಂಟರ್ ಮುಂದೆ ಸಾಲು ಉದ್ದವಾಗುತ್ತದೆ, ಬೆಳಗ್ಗೆಯೇ ಕಾರ್ಡ್ ಮಾಡಿಸಿಕೊಂಡರೆ ಆ ತಲೆನೋವಿಲ್ಲ. ಚಿಕ್ಕಪೇಟೆಯಲ್ಲಿ ಇಳಿದರೆ ಟೂಲ್, ಹಾರ್ಡ್‌ವೇರ್ ಅಂಗಡಿಗಳ ಎಸ್‌.ಪಿ. ರೋಡ್ ನಡೆದು ಹೋಗುವಷ್ಟು ಹತ್ತಿರ. ಭಾನುವಾರ ಬಹುತೇಕ ಅಂಗಡಿಗಳು ಮುಚ್ಚಿರುತ್ತವೆ. ಮೈಕ್ರೊಮೀಟರ್ ಕೊಳ್ಳುವುದಾದರೆ ಎರಡೂ ಮುಖ ಒರೆಸಿ, ರ‍್ಯಾಚೆಟ್ ಹಿಡಿದು ಮುಚ್ಚಿ, ಸೊನ್ನೆ ಗೆರೆಗೆ ಗೆರೆ ಕೂಡುತ್ತದೆಯೇ ನೋಡಿ. ಮುಚ್ಚಿದ ಮುಖಗಳ ನಡುವೆ ಬೆಳಕು ನುಸುಳಿದರೆ ಅದನ್ನು ಅಲ್ಲೇ ಇಡಿ. ಹ್ಯಾಕ್ಸಾ ಬ್ಲೇಡ್, ಟೂಲ್ ಬಿಟ್‌ಗಳನ್ನು ಮೆಟ್ರೊಗೆ ಒಯ್ದರೆ ಸ್ಕ್ಯಾನರ್ ಹತ್ತಿರ ಬ್ಯಾಗ್ ಬಿಚ್ಚಿಸಿ ವಾದ ಶುರುವಾಗುತ್ತದೆ. ಭಾರದ ಸಾಮಾನನ್ನು ಟ್ರಾನ್ಸ್‌ಪೋರ್ಟ್‌ಗೆ ಹಾಕಿ ಕೈಬೀಸಿಕೊಂಡು ಬನ್ನಿ.

ಲಾಲ್‌ಬಾಗ್‌ನಲ್ಲಿ ಗಣರಾಜ್ಯೋತ್ಸವದ ಹೂವಿನ ಪ್ರದರ್ಶನವೂ ಇದೇ ಜನವರಿಯಲ್ಲಿ, ಕಾಲಿಡಲು ಜಾಗ ಸಿಗುವುದು ಕಷ್ಟ. ಎಲ್ಲರೂ ಹೂವಿನ ಮುಂದೆ ಫೋಟೊ ತೆಗೆಯುತ್ತಿದ್ದರೆ ನೀವು ತಲೆಯೆತ್ತಿ ಗಾಜಿನ ಮನೆಯ ಕಬ್ಬಿಣ ನೋಡಿ. 1889ರಲ್ಲಿ ಅಡಿಗಲ್ಲು ಬಿದ್ದ ಕಟ್ಟಡ, ಎರಕದ ಭಾಗಗಳು ಗ್ಲಾಸ್ಗೋದ ಮ್ಯಾಕ್‌ಫರ್ಲೇನ್ ಫೌಂಡ್ರಿಯವು. ನಮ್ಮ ಕುಂದವಾಡ ಕೆರೆ ಬಳಿಯ ಗಾಜಿನ ಮನೆಗೆ ಮಾದರಿ ಇದೇ. ಹೊಟ್ಟೆ ಹಸಿದಿದ್ದರೆ ಎಂಟಿಆರ್ ಲಾಲ್‌ಬಾಗ್ ರಸ್ತೆಯಲ್ಲೇ ಇದೆ. ‘ದಾವಣಗೆರೆ ಬೆಣ್ಣೆ ದೋಸೆ’ ಬೋರ್ಡ್ ಕಂಡಲ್ಲಿ ನುಗ್ಗುವುದಕ್ಕಿಂತ ಅಲ್ಲಿಯ ರವೆ ಇಡ್ಲಿ ವಾಸಿ. ಸೋಮವಾರ ಮಾತ್ರ ರಜೆ.